ಮೊದಲು ಹಕ್ಕಿ, ಆಮೇಲೆ ಪುಸ್ತಕ

ಡೊಂಬಿವಲಿ

ಮುದ್ದು ಮಗಳೇ,

ಪುಣೆಗೆ ಹೊರಟಿರುವ ನಿನ್ನ ಸೋದರಮಾವನ ಕೈಯಲ್ಲಿ ಎರಡು ಪುಸ್ತಕ ಕೊಟ್ಟು ಕಳಿಸಿದ್ದೇನೆ. ಒಂದು ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’, ಹಳೆಯ ಆವೃತ್ತಿ. ಇದನ್ನು 1941ರಲ್ಲಿ ಮೊದಲು ತಂದದ್ದು ನಮ್ಮ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಇನ್ನೊಂದು ಈಚಿನ ಕೈಪಿಡಿ. ಹಳೆಯದನ್ನು ರಾತ್ರಿ ಮಲಗುವ ಮುಂಚೆ ಓದು, ಹೊಸದನ್ನು ಚೀಲದಲ್ಲಿಟ್ಟುಕೋ.

ಪುಣೆಯ ವೇತಾಳ ಟೇಕಡಿ ಗುಡ್ಡದಲ್ಲಿ ಹಕ್ಕಿ ಕಂಡೊಡನೆ ಪುಸ್ತಕ ತೆರೆಯಬೇಡ. ನೀನು ಪುಟ ತಿರುವುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಒಂದು ಚಿತ್ರ ನೋಡಿದ ಮೇಲೆ ಕಾಣದಿದ್ದ ಬಣ್ಣವನ್ನೂ ಮನಸ್ಸು ಕಂಡೆನೆಂದು ಹೇಳಲು ಶುರುಮಾಡುತ್ತದೆ. ಹಕ್ಕಿ ಇರುವ ತನಕ ನೋಡು, ಹಾರಿದ ಮೇಲೆ ಬರೆ, ಬರೆದಾದ ಮೇಲೆ ಪುಟ ತಿರುವು. ಬರೆಯಲು ಪೆನ್ಸಿಲ್ಲೇ ಇರಲಿ, ಮಳೆಹನಿ ಬಿದ್ದರೆ ಶಾಯಿ ಕಲಸಿಹೋಗುತ್ತದೆ.

ಬಣ್ಣದಿಂದ ಆರಂಭಿಸಬೇಡ, ಗಾತ್ರದಿಂದ ಆರಂಭಿಸು. ಸಲೀಂ ಅಲಿಯವರು ಗಾತ್ರ ಹೇಳುವುದೇ ಗೊತ್ತಿರುವ ಹಕ್ಕಿಗೆ ಹೋಲಿಸಿ. ಗುಬ್ಬಿ 15 ಸೆಂ.ಮೀ., ಪಿಕಳಾರ 20, ಗೊರವಂಕ 23, ಊರುಕಾಗೆ 43, ಹದ್ದು 61. ಈ ಐದು ಅಳತೆ ಬಾಯಿಪಾಠ ಆಗಿರಲಿ. ಆದರೆ ಈ ಅಂಕಿ ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗಿನದು ಎಂಬುದು ನೆನಪಿರಲಿ. ಗಿಳಿ 42 ಸೆಂ.ಮೀ. ಎಂದು ಓದಿ ಕಾಗೆಯಷ್ಟು ದೊಡ್ಡದೆಂದುಕೊಂಡರೆ ಕೆಟ್ಟಿತು. ಮೈ ಗೊರವಂಕದಷ್ಟೇ, ಮಿಕ್ಕದ್ದೆಲ್ಲ ಬಾಲ.

ಆಮೇಲೆ ಕೊಕ್ಕು: ದಪ್ಪವೋ, ಸೂಜಿಯಂತೋ, ತುದಿ ಬಾಗಿದೆಯೋ. ಬಾಲ: ಕವಲೊಡೆದಿದೆಯೋ, ಕುಣಿಸುತ್ತದೋ. ಎಲ್ಲಿ ಕೂತಿತ್ತು, ನೆಲದಲ್ಲಿ ಕುಪ್ಪಳಿಸಿತೋ ನಡೆಯಿತೋ. ಬಣ್ಣ ಕೊನೆಗೆ. ಬೆಳಗಿನ ಸೂರ್ಯ ಹಕ್ಕಿಯ ಹಿಂದಿದ್ದರೆ ಹಸಿರೂ ಕಪ್ಪಾಗಿಯೇ ಕಾಣುತ್ತದೆ.

ಪುಸ್ತಕದ ಚಿತ್ರವನ್ನು ನಂಬಿ ಮೋಸಹೋಗುವುದು ಹೆಚ್ಚಾಗಿ ಎಲ್ಲಿ ಗೊತ್ತೇ? ಚಿತ್ರ ಒಂದು ಕಾಲದ ಉಡುಪನ್ನು ತೋರಿಸುತ್ತದೆ, ಹಕ್ಕಿ ಉಡುಪು ಬದಲಿಸುತ್ತದೆ. ಪರ್ಪಲ್ ಸನ್‌ಬರ್ಡ್, ಅಂದರೆ ಆ ನೀಲಿಗಪ್ಪು ಸೂರಕ್ಕಿ ಗಂಡು, ಮರಿ ಮಾಡುವ ಕಾಲ ಮುಗಿದ ಮೇಲೆ ಹೆಣ್ಣಿನಂತೆ ಮಂಕಾಗುತ್ತದೆ. ಗಂಟಲಿನಿಂದ ಎದೆಯ ನಡುವೆ ಇಳಿಯುವ ಒಂದು ಕಪ್ಪು ಪಟ್ಟಿಯಷ್ಟೇ ಗುರುತು. ಪಾಷಾಣ್ ಕೆರೆಯ ದಡದಲ್ಲಿ ಕೂತ ಕೊಳದ ಬಕ ಮಣ್ಣುಬಣ್ಣದ ಗೆರೆಗೆರೆ ಹಕ್ಕಿ, ಹಾರಿದೊಡನೆ ರೆಕ್ಕೆ ಅಚ್ಚ ಬಿಳಿ. ಹೆಣ್ಣು ಕೋಗಿಲೆ ಕಪ್ಪೇ ಅಲ್ಲ, ಕಂದು ಮೈಮೇಲೆ ಬಿಳಿ ಚುಕ್ಕೆ, ಪಟ್ಟಿ. ಹಾಗಾಗಿ ಚಿತ್ರದ ಪಕ್ಕದ ಬರಹ ಓದದೆ ಹೆಸರು ಬರೆಯಬೇಡ. ಗಂಡು, ಹೆಣ್ಣು, ಮರಿ ಮೂರನ್ನೂ ಹೋಲಿಸಿ ನೋಡು.

ಹಕ್ಕಿ ಎಲ್ಲೆಲ್ಲಿ ಸಿಗುತ್ತದೆಂದು ತೋರಿಸುವ ನಕ್ಷೆಯಲ್ಲಿನ ಬಣ್ಣಗಳ ಅರ್ಥವನ್ನು ಪುಸ್ತಕದ ಆರಂಭದಲ್ಲೇ ಕೊಟ್ಟಿರುತ್ತಾರೆ, ಯಾರೂ ಓದುವುದಿಲ್ಲ. ಒಂದು ಬಣ್ಣ ವರ್ಷಪೂರ್ತಿ ಇರುವುದಕ್ಕೆ, ಇನ್ನೊಂದು ಚಳಿಗಾಲಕ್ಕೆ ಮಾತ್ರ ಬರುವುದಕ್ಕೆ. ಬೂದು ಸಿಪಿಲೆ, ಅಂದರೆ ಬಾಲ ಕುಣಿಸುವ ಗ್ರೇ ವ್ಯಾಗ್‌ಟೇಲ್, ಚಳಿಗಾಲದ ಅತಿಥಿ. ಅದನ್ನು ಮೇ ತಿಂಗಳ ಕೊನೆಯಲ್ಲಿ ಕಂಡೆ ಅನಿಸಿದರೆ ಮೊದಲು ನಿನ್ನ ಕಣ್ಣನ್ನೇ ಅನುಮಾನಿಸು.

ಎರಡು ಪುಸ್ತಕಗಳಲ್ಲಿ ಹೆಸರು ಬೇರೆ ಬೇರೆ ಕಂಡರೆ ಗಾಬರಿಯಾಗಬೇಡ. ಹಳೆಯದರ ‘ವೈಟ್‌ಬ್ರೆಸ್ಟೆಡ್ ಕಿಂಗ್‌ಫಿಷರ್’ ಹೊಸದರಲ್ಲಿ ‘ವೈಟ್‌ಥ್ರೋಟೆಡ್’, ‘ಪರಾಯ ಕೈಟ್’ ಈಗ ‘ಬ್ಲ್ಯಾಕ್ ಕೈಟ್’. ಆಗ ವೈಜ್ಞಾನಿಕ ಹೆಸರು ಹಿಡಿದು ಹುಡುಕು: ಈ ಮಿಂಚುಳ್ಳಿ ಎರಡರಲ್ಲೂ ಹಾಲ್ಸಿಯಾನ್ ಸ್ಮಿರ್ನೆನ್ಸಿಸ್. ಎಲ್ಲ ಕಡೆ ಇದೂ ನಡೆಯದು. ಸಂಶೋಧನೆ ಮುಂದುವರಿದಂತೆ ಕುಲದ ಹೆಸರು, ಅಂದರೆ ಮೊದಲ ಪದ, ಬದಲಾಗುವುದುಂಟು. ನೇರಳೆ ಬೆನ್ನಬುಡದ ಸೂರಕ್ಕಿ ನೆಕ್ಟರಿನಿಯಾ ಝೆಲೋನಿಕಾ ಆಗಿದ್ದದ್ದು ಈಗ ಲೆಪ್ಟೊಕೋಮಾ ಝೆಲೋನಿಕಾ. ಎರಡನೆಯ ಪದ ಸಾಮಾನ್ಯವಾಗಿ ಉಳಿಯುತ್ತದೆ, ಅದನ್ನೇ ಹಿಡಿ. ಹೊಸ ಹೆಸರನ್ನು ಹಳೆಯ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡು. ಪುಸ್ತಕ ಕೆಡುತ್ತದೆ ಎಂದು ಹೆದರಬೇಡ.

ಪುಸ್ತಕ ನಿಜವಾಗಿ ಕೆಡುವುದು ಮಳೆಗೆ. ಚಿತ್ರವಿರುವ ನುಣುಪು ಹಾಳೆಗೆ ಮಣ್ಣಿನಂಥ ಲೇಪ ಇರುತ್ತದೆ. ನೆನೆದು ಹಾಗೇ ಒಣಗಿದರೆ ಹಾಳೆಗೆ ಹಾಳೆ ಅಂಟುತ್ತದೆ, ಬಿಡಿಸಹೋದರೆ ಚಿತ್ರ ಕಿತ್ತುಬರುತ್ತದೆ. ಒದ್ದೆಯಿರುವಾಗಲೇ ಮೆಲ್ಲಗೆ ಬಿಡಿಸಿ, ನಡುವೆ ಬಟರ್ ಪೇಪರ್ ಇಟ್ಟು, ಫ್ಯಾನ್ ಗಾಳಿಯಲ್ಲಿ ಒಣಗಿಸು, ಬಿಸಿಲಿಗೆ ಬೇಡ. ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬೇಡ, ಎರಡು ಇಂಚು ಬಿಡು. ಬೂಸು ಕಂಡರೆ ಪೂರ್ತಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ಮೆತ್ತನೆ ಬ್ರಷ್‌ನಿಂದ ತೆಗೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಹಾಳೆಯೊಳಕ್ಕೇ ಇಳಿಯುತ್ತದೆ.

ಗುರುತು ಸಿಗದ ಹಕ್ಕಿಗೂ ಒಂದು ಪುಟ ಕೊಡು. ತಾರೀಖು, ಹೊತ್ತು, ಜಾಗ, ಕಂಡಷ್ಟು. ಹೆಸರಿನ ಜಾಗ ಖಾಲಿ ಬಿಡು. ದೀಪಾವಳಿಗೆ ಬರುವಾಗ ನೋಟ್‌ಬುಕ್ ಮರೆಯದೆ ತಾ, ಆ ಖಾಲಿ ಜಾಗಗಳನ್ನು ಇಬ್ಬರೂ ಕೂತು ನೋಡೋಣ.

ನಿನ್ನ
ಅಮ್ಮ