ಹಳೆಯ ಮೊಪೆಡ್‌ಗೆ ಮೊದಲು ಬಣ್ಣವಲ್ಲ, ಆಯಿಲ್ ಸೀಲು

ಮಾನ್ಯ ಸಂಪಾದಕರೇ,

ಕೊಟ್ಟಿಗೆಯ ಮೂಲೆಯಲ್ಲಿ ಕೋಳಿ ಕೂರುವ ಅಡ್ಡೆಯಾಗಿದ್ದ ಟಿವಿಎಸ್ 50, ಎಕ್ಸ್‌ಎಲ್ ಸೂಪರ್‌ಗಳನ್ನು ಹೊರಗೆಳೆದು ಮನೆಯಲ್ಲೇ ರಿಪೇರಿ ಮಾಡುವವರು ಈಗ ಊರೂರಲ್ಲೂ ಕಾಣುತ್ತಾರೆ. ಒಳ್ಳೆಯ ಕೆಲಸವೇ. 1980ರಲ್ಲಿ ಹೊಸೂರಿನಿಂದ ಹೊರಟ ಈ ವಂಶದ ಗಾಡಿಗಳಿಗೆ ಇವತ್ತಿಗೂ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಸಾಮಾನು ಸಿಗುತ್ತದೆ. ಲೂನಾ, ಸುವೇಗಾ ಇಟ್ಟುಕೊಂಡವರಿಗೆ ಆ ಭಾಗ್ಯವಿಲ್ಲ. ಅವರು ಬೆಂಗಳೂರಿನ ಜೆ.ಸಿ. ರಸ್ತೆಯನ್ನೋ ಶಿವಾಜಿನಗರದ ಗುಜರಿಯನ್ನೋ ಸುತ್ತಬೇಕು. ತಕರಾರು ಇರುವುದು ಕೆಲಸದ ಕ್ರಮದ ಬಗ್ಗೆ. ಎಂಟು–ಹತ್ತು ಸಾವಿರ ಕೈಯಲ್ಲಿಟ್ಟುಕೊಂಡು ಶುರುಮಾಡಿದವರು ಅರ್ಧದಷ್ಟನ್ನು ಬಣ್ಣಕ್ಕೂ ಸ್ಟಿಕ್ಕರಿಗೂ ಸುರಿಯುತ್ತಾರೆ. ಆಮೇಲೆ ಗಾಡಿ ಎಳೆಯುವುದಿಲ್ಲ ಎಂದು ಯಾರೋ ಹೇಳಿದ ಮಾತಿಗೆ ಬೋರು ಮಾಡಿಸುತ್ತಾರೆ, ಅಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸುತ್ತಾರೆ. ಎರಡೂ ತಪ್ಪು ಜಾಗಕ್ಕೆ ಹೋದ ದುಡ್ಡು.

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ತೆಗೆದು ಚಾಸಿಸ್ ನಂಬರು, ಇಂಜಿನ್ ನಂಬರು ಹೊಂದುತ್ತವೆಯೇ ನೋಡಿ. ಹದಿನೈದು ವರ್ಷ ದಾಟಿದ್ದರೆ ಫಾರಂ 25ರಲ್ಲಿ ನೋಂದಣಿ ನವೀಕರಿಸಬೇಕು. 20 ವರ್ಷ ಮೀರಿದ ದ್ವಿಚಕ್ರ ವಾಹನಕ್ಕೆ ಇದರ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿಸಲಾಗಿದೆ. ಬಾಕಿ ಉಳಿಸಿಕೊಂಡಿದ್ದರೆ ದಂಡ ಬೇರೆ. ಈ ಲೆಕ್ಕ ಮೊದಲೇ ಹಾಕದಿದ್ದರೆ ಗಾಡಿಗಿಂತ ಕಾಗದವೇ ದುಬಾರಿಯಾದೀತು.

ವರ್ಷಗಟ್ಟಲೆ ನಿಂತ ಗಾಡಿಯನ್ನು ಕಂಡ ಕೂಡಲೇ ಕಿಕ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ ಆ ತೂತಿಗೆ ಒಂದು ಚಮಚ, ಅಂದರೆ 5 ಮಿ.ಲೀ. 2ಟಿ ಆಯಿಲ್ (ಎರಡು ಸ್ಟ್ರೋಕಿನ ಇಂಜಿನ್ನಿಗೆ ಪೆಟ್ರೋಲಿನ ಜೊತೆ ಹಾಕುವ ಆಯಿಲ್) ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮ್ಯಾಗ್ನೆಟ್ಟನ್ನು, ಅಂದರೆ ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಅಯಸ್ಕಾಂತದ ಚಕ್ರವನ್ನು, ಕೈಯಿಂದಲೇ ನಿಧಾನವಾಗಿ ತಿರುಗಿಸಿ. ಪಿಸ್ಟನ್ನಿನ ರಿಂಗು ಬೋರಿಗೆ ಕಚ್ಚಿಕೊಂಡಿರುವಾಗ ಕಾಲಿನ ಬಲ ಹಾಕಿದರೆ ರಿಂಗು ತುಂಡಾಗುತ್ತದೆ. ತುಂಡು ಪೋರ್ಟಿಗೆ (ಸಿಲಿಂಡರಿನ ಗೋಡೆಯ ಕಿಂಡಿಗೆ) ಸಿಕ್ಕಿ ಬೋರನ್ನೇ ಗೀರುತ್ತದೆ.

ಇನ್ನು ಸೀಲಿನ ವಿಷಯ. ಎರಡು ಸ್ಟ್ರೋಕಿನ ಇಂಜಿನ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಕೂರುವ ಗೂಡೇ ಒಂದು ಪಂಪು. ಪಿಸ್ಟನ್ ಮೇಲೇರುವಾಗ ಕಾರ್ಬೊರೇಟರಿನಿಂದ ಪೆಟ್ರೋಲು–ಗಾಳಿಯನ್ನು ಗೂಡಿಗೆ ಎಳೆದುಕೊಳ್ಳುತ್ತದೆ, ಇಳಿಯುವಾಗ ಮೇಲಕ್ಕೆ ತಳ್ಳುತ್ತದೆ. ಕ್ರ್ಯಾಂಕಿನ ಎರಡೂ ಬದಿಯ ರಬ್ಬರ್ ಸೀಲುಗಳು ಈ ಗೂಡನ್ನು ಮುಚ್ಚಿಡುತ್ತವೆ. ಒಣಗಿ ನಿಂತ ಗಾಡಿಯಲ್ಲಿ ಇವು ಗಟ್ಟಿಯಾಗಿ ಬಿರಿದಿರುತ್ತವೆ. ಮ್ಯಾಗ್ನೆಟ್ ಕಡೆಯದು ಹೋದರೆ ಅಲ್ಲಿಂದ ಬರೀ ಗಾಳಿ ನುಗ್ಗುತ್ತದೆ. ಎಕ್ಸಲೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತದೆ, ಬೇಗ ಕಾಯುತ್ತದೆ. ಮೊಪೆಡ್‌ನಲ್ಲಿ ಆಯಿಲ್ ಬರುವುದೇ ಪೆಟ್ರೋಲಿನ ಜೊತೆಗೆ, ಹಾಗಾಗಿ ಪೆಟ್ರೋಲು ಕಡಿಮೆಯಾದರೆ ಆಯಿಲೂ ಕಡಿಮೆ; ಕೊನೆಗೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್. ಕ್ಲಚ್ ಕಡೆಯ ಸೀಲು ಹೋದರೆ ಗೇರ್ ಆಯಿಲನ್ನು ಒಳಗೆಳೆದು ಬಿಳಿ ಹೊಗೆ ಉಗುಳುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತ ಹೋಗುತ್ತದೆ. ಈ ಹೊಗೆ ನೋಡಿ ಬೋರು ಹೋಗಿದೆ ಎನ್ನುವವರೇ ಹೆಚ್ಚು.

ಜೋಡಿ ಸೀಲಿನ ಬೆಲೆ ಒಂದು ಡಬ್ಬ ಬಣ್ಣದ ಮುಂದೆ ಏನೂ ಅಲ್ಲ. ಮ್ಯಾಗ್ನೆಟ್ ಕೀಳಲು ಪುಲ್ಲರನ್ನೇ ಬಳಸಿ. ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಫ್ಯಾನಿನ ರೆಕ್ಕೆ ಮುರಿಯುತ್ತದೆ, ಸುತ್ತಿಗೆ ಬಡಿದರೆ ಕ್ರ್ಯಾಂಕ್ ಸೊಟ್ಟಾಗುತ್ತದೆ. ಹೊಸ ಸೀಲಿನ ತುಟಿಗೆ ಗ್ರೀಸ್ ಸವರಿ, ಸ್ಪ್ರಿಂಗ್ ಇರುವ ಮುಖವನ್ನು ಕ್ರ್ಯಾಂಕ್ ಗೂಡಿನ ಕಡೆಗಿಟ್ಟು, ಅದೇ ಅಳತೆಯ ಬಾಕ್ಸ್ ಸಾಕೆಟ್ ಇಟ್ಟು ಓರೆಯಾಗದಂತೆ ತಟ್ಟಿ. ಮ್ಯಾಗ್ನೆಟ್ ಕೂರುವ ಪುಟ್ಟ ಕೀ ಸವೆದಿದ್ದರೆ ಅದನ್ನೂ ಬದಲಿಸಿ. ಅದು ಕೂದಲೆಳೆಯಷ್ಟು ಜರುಗಿದರೂ ಕಿಡಿ ಹಾರುವ ಟೈಮಿಂಗ್ ಕೆಟ್ಟು, ಕಿಕ್ಕರ್ ಕಾಲಿಗೆ ತಿರುಗಿ ಹೊಡೆಯುತ್ತದೆ.

ಮ್ಯಾಗ್ನೆಟ್ ಬಿಚ್ಚಿರುವಾಗಲೇ ಕಿಡಿಯ ಕೆಲಸವನ್ನೂ ಮುಗಿಸಬಹುದು. ಸಿಡಿಐ, ಅಂದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಯಲ್ಲಿ ವೈರಿನ ಜೋಡಣೆ, ಅರ್ತಿಂಗ್ ಕೆರೆದು ಬಿಗಿ ಮಾಡಿದರೆ ಮುಗಿಯಿತು. ಹಳೆಯ ಪಾಯಿಂಟ್ ಗಾಡಿಯಾದರೆ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಲೋಹದ ಜೋಡಿಯೇ ಪಾಯಿಂಟ್), ಪಾಯಿಂಟಿನ ಮೇಲೆ ಕಿಲುಬು ಕಟ್ಟಿರುತ್ತದೆ: 400 ನಂಬರಿನ ಎಮರಿ ಕಾಗದದಲ್ಲಿ ಹಗುರವಾಗಿ ಉಜ್ಜಿ, ಬಿಳಿ ಕಾಗದವನ್ನು ನಡುವೆ ಎಳೆದು ಒರೆಸಿ. ಪೂರ್ತಿ ತೆರೆದಾಗ ಗ್ಯಾಪ್ 0.35ರಿಂದ 0.4 ಮಿ.ಮೀ. ಇರಲಿ. ಪ್ಲಗ್ ಗ್ಯಾಪಿಗೆ ಹ್ಯಾಕ್ಸಾ ಬ್ಲೇಡಿನ ತುಂಡು ಇಟ್ಟು ನೋಡುವ ರೂಢಿಯಿದೆ, ಅದರ ದಪ್ಪ 0.6ರ ಆಸುಪಾಸು, ಪರವಾಗಿಲ್ಲ. ಅದೇ ತುಂಡನ್ನು ಪಾಯಿಂಟಿಗೂ ಬಳಸಿದರೆ ಸ್ಟಾರ್ಟಿಂಗ್ ತೊಂದರೆ ಗ್ಯಾರಂಟಿ. ಹತ್ತು ನಿಮಿಷ ಓಡಿ ಕಾದ ಮೇಲೆ ನಿಂತು, ತಣಿದರೆ ಮತ್ತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಕಂಡೆನ್ಸರನ್ನೋ ಕಾಯಿಲನ್ನೋ ಅನುಮಾನಿಸಿ; ಪಾಯಿಂಟಿನಲ್ಲೇ ನೀಲಿ ಕಿಡಿ ಜೋರಾಗಿ ಹಾರುತ್ತಿದ್ದರೆ ಅದು ಕಂಡೆನ್ಸರೇ.

ಟ್ಯಾಂಕಿನ ತುಕ್ಕಿಗೆ ಕಕ್ಕಸು ತೊಳೆಯುವ ಆ್ಯಸಿಡ್ ಸುರಿಯುವವರಿದ್ದಾರೆ. ಅದು ತುಕ್ಕಿನ ಜೊತೆ ತಗಡನ್ನೂ ತಿಂದು, ಬೆಸುಗೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು ಮಾಡುತ್ತದೆ. ಲೀಟರ್ ಬಿಸಿನೀರಿಗೆ 100 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್ ಸಾಕು. 4 ಲೀಟರಿನ ಟ್ಯಾಂಕಿಗೆ 400 ಗ್ರಾಂ. ಒಂದು ಹಿಡಿ ಹಳೆಯ ನಟ್ಟು ಹಾಕಿ, ಆಗಾಗ ಕುಲುಕುತ್ತ ಒಂದು ರಾತ್ರಿ ಬಿಡಿ. ಮರುದಿನ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ, ಒಣಗಿದ ಕೂಡಲೇ ಒಳಗೆಲ್ಲ 2ಟಿ ಆಯಿಲ್ ಹರಿಯುವಂತೆ ಹೊರಳಿಸಿ. ಸಂಜೆಯವರೆಗೆ ಹಾಗೇ ಬಿಟ್ಟರೆ ಹೊಸ ತುಕ್ಕು ಅರಿಶಿನದಂತೆ ಕಟ್ಟಿರುತ್ತದೆ. ಕಾರ್ಬೊರೇಟರಿನ ಜೆಟ್ಟಿಗೆ ಗುಂಡುಸೂಜಿ ಹಾಕಬೇಡಿ, ಹಿತ್ತಾಳೆ ಮೆದು, ತೂತು ದೊಡ್ಡದಾಗುತ್ತದೆ. ಹಲ್ಲುಜ್ಜುವ ಬ್ರಷ್ಷಿನ ಒಂದು ಎಳೆ ಸಾಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಪೆಟ್ರೋಲ್ ಪೈಪು, ಕಾಕಿನ ವಾಷರ್ ಎರಡೂ ಹೊಸದಾಗಿರಲಿ.

ಇಷ್ಟಾದರೂ ಸ್ಟಾರ್ಟಿಂಗ್ ಚೆನ್ನಾಗಿದ್ದು, ಇಪ್ಪತ್ತೈದು–ಮೂವತ್ತರ ಮೇಲೆ ಓಡದೆ, ಏರು ಹತ್ತದೆ ಏದುಸಿರು ಬಿಟ್ಟರೆ ಸೈಲೆನ್ಸರ್ ಬಿಚ್ಚಿ ನೋಡಿ. ಹೊಗೆ ಹೋಗುವ ದಾರಿ ಕಾರ್ಬನ್ನಿನಿಂದ ಹೆಬ್ಬೆರಳ ಗಾತ್ರದಿಂದ ಕಿರುಬೆರಳಿಗೆ ಇಳಿದಿರುತ್ತದೆ. ಒಳಕೊಳವೆ ಕಳಚುವಂತಿದ್ದರೆ ಲೀಟರ್ ತಣ್ಣೀರಿಗೆ 100 ಗ್ರಾಂ ಕಾಸ್ಟಿಕ್ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕಲ್ಲ. ಕೈಗೆ ಗವುಸು, ಕಣ್ಣಿಗೆ ಕನ್ನಡಕ ಇರಲಿ. ಅಲ್ಯುಮಿನಿಯಂ ಹೆಡ್ಡು, ಕಾರ್ಬೊರೇಟರ್ ಅದರ ಹತ್ತಿರವೂ ಬರಬಾರದು, ಕರಗಿಹೋಗುತ್ತವೆ. ಸಿಲಿಂಡರಿನ ಪೋರ್ಟನ್ನು ಕೆರೆಯುವಾಗ ಪಿಸ್ಟನ್ನನ್ನು ಪೋರ್ಟು ಮುಚ್ಚುವ ಕಡೆಗೆ ತಿರುಗಿಸಿ ನಿಲ್ಲಿಸಿ, ಬಿದಿರು ಕಡ್ಡಿಯಿಂದ ಕೆರೆಯಿರಿ. ಕಬ್ಬಿಣ ಮುಟ್ಟಿದರೆ ಪಿಸ್ಟನ್ ಗೀರುತ್ತದೆ.

ಬೋರು ನಿಜಕ್ಕೂ ಹೋಗಿದೆಯೇ ಎಂಬುದಕ್ಕೆ ಬಾಯಿಮಾತು ಬೇಡ, ಅಳತೆಯಿದೆ. ಪಿಸ್ಟನ್ನಿನಿಂದ ಕಳಚಿದ ರಿಂಗನ್ನು ಸಿಲಿಂಡರಿಗೆ ಹಾಕಿ, ಪಿಸ್ಟನ್ನಿನ ತಲೆಯಿಂದ ಒತ್ತಿ ಸಮ ಕೂರಿಸಿ, ತುದಿಗಳ ನಡುವಿನ ಸಂದಿಯನ್ನು ಫೀಲರ್ ಗೇಜಿನಲ್ಲಿ ನೋಡಿ. 0.7 ಮಿ.ಮೀ. ದಾಟಿದ್ದರೆ ಹೊಸ ರಿಂಗಿನಲ್ಲಿ ಮತ್ತೆ ಅಳೆಯಿರಿ. ಆಗಲೂ ದೊಡ್ಡದಿದ್ದರೆ, ಇಲ್ಲವೇ ಉಗುರಿಗೆ ಸಿಗುವ ಗೀರಿದ್ದರೆ ಮಾತ್ರ ಬೋರು. ಆಗಲೂ 0.25 ಓವರ್‌ಸೈಜ್ ಪಿಸ್ಟನ್ ಮೊದಲು ಕೊಂಡು, ಅದನ್ನೇ ಲೇತ್ ಅಂಗಡಿಗೆ ಕೊಡಿ. ಬೋರು ಕೊರೆಸಿ ಆಮೇಲೆ ಪಿಸ್ಟನ್ ಹುಡುಕುವುದು ಚಪ್ಪಲಿಗೆ ತಕ್ಕ ಕಾಲು ಹುಡುಕಿದಂತೆ. ಕನೆಕ್ಟಿಂಗ್ ರಾಡ್ ಮೇಲೆ–ಕೆಳಗೆ ಅಲುಗಾಡಿದರೆ ಕ್ರ್ಯಾಂಕ್ ಕೆಲಸ. ಅಲ್ಲಿಗೆ ಸಣ್ಣ ಬಜೆಟ್ಟಿನ ಮಾತು ಮುಗಿಯಿತು, ಬೇರೆ ಗಾಡಿ ನೋಡುವುದು ಜಾಣತನ.

ಎಕ್ಸ್‌ಎಲ್ ಸೂಪರ್‌ನ ಟೈರು 2.50–16. ಅಂಚಿನ ನಾಲ್ಕಂಕಿ ನೋಡಿ ಕೊಳ್ಳಿ: 2314 ಎಂದರೆ 2014ರ 23ನೇ ವಾರದಲ್ಲಿ ತಯಾರಾದದ್ದು, ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಬ್ರೇಕ್ ಲೈನರ್, ಕೇಬಲ್ ಎರಡೂ ಹೊಸದೇ.

ಬಣ್ಣ ಕೊನೆಗೆ. ಆರ್‌ಸಿಯಲ್ಲಿ ಬರೆದಿರುವ ಬಣ್ಣವನ್ನೇ ಹೊಡೆಸಿ, ಅದಕ್ಕೆ ಮುಂಚೆ ಚಾಸಿಸ್ ನಂಬರಿನ ಮೇಲೆ ಅಂಟುಪಟ್ಟಿ ಮೆತ್ತಿಬಿಡಿ. ಗ್ರೈಂಡರ್ ಹಿಡಿದವರು ತುಕ್ಕಿನ ಜೊತೆ ನಂಬರನ್ನೂ ಉಜ್ಜಿಹಾಕಿದರೆ ಆರ್‌ಟಿಒ ತಪಾಸಣೆಯಲ್ಲಿ ಗಾಡಿ ನಿಲ್ಲುತ್ತದೆ. ಎಕ್ಸ್‌ಎಲ್ ಸೂಪರ್ 69.9 ಸಿಸಿಯದು, ಹಾಗಾಗಿ ಥರ್ಡ್ ಪಾರ್ಟಿ ವಿಮೆ 75 ಸಿಸಿಯೊಳಗಿನ ದರದಲ್ಲಿ, ವರ್ಷಕ್ಕೆ 538 ರೂಪಾಯಿ, ಜಿಎಸ್‌ಟಿ ಬೇರೆ.

ಲೀಟರ್ ಪೆಟ್ರೋಲಿಗೆ 20 ಮಿ.ಲೀ. 2ಟಿ ಆಯಿಲನ್ನು ಬಾಟಲಿಯಲ್ಲೇ ಕಲಸಿ ಟ್ಯಾಂಕಿಗೆ ಹಾಕಿ. ಬೋರು ಮಾಡಿಸಿದ್ದರೆ ಮೊದಲ ಟ್ಯಾಂಕಿಗೆ ಮಾತ್ರ ಲೀಟರಿಗೆ 40 ಮಿ.ಲೀ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲು ತೀರಿ ತಾನಾಗಿ ಆಫ್ ಆಗುವವರೆಗೆ ಇಂಜಿನ್ ಓಡಿಸಿ.

– ಹಳೆಯ ಗಾಡಿಗಳ ಮೆಕ್ಯಾನಿಕ್, ತಿಪಟೂರು