‘ತಗರತಿ’ ಮತ್ತು ಕೆಂಪು ಶಾಯಿ

ಮಾನ್ಯ ಪೋಷಕರೇ,

ಕಳೆದ ಪೋಷಕರ ಸಭೆ ಮುಗಿದ ಮೇಲೆ ತಂದೆಯೊಬ್ಬರು ಮಗನ ನೋಟ್‌ಬುಕ್ ಹಿಡಿದು ನನ್ನ ಕೊಠಡಿಗೆ ಬಂದರು. ಹುಡುಗ ‘ತರಗತಿ’ಯನ್ನು ‘ತಗರತಿ’ ಎಂದು ಬರೆದಿದ್ದ. ಟೀಚರ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅರ್ಧ ಅಂಕ ಕಳೆದಿದ್ದರು. ಆ ತಂದೆ ಮೊಬೈಲ್‌ನಲ್ಲಿ ಒಂದು ಸಂದೇಶ ತೋರಿಸಿದರು: ಮೊದಲ ಮತ್ತು ಕೊನೆಯ ಅಕ್ಷರ ಸರಿಯಿದ್ದರೆ ಸಾಕಂತೆ, ನಡುವಿನವು ಹೇಗಿದ್ದರೂ ಮೆದುಳು ಓದಿಕೊಳ್ಳುತ್ತದಂತೆ, ಕೇಂಬ್ರಿಜ್ ವಿಶ್ವವಿದ್ಯಾಲಯ ಕಂಡುಹಿಡಿದಿದೆಯಂತೆ. “ಹಾಗಿದ್ರೆ ಇದಕ್ಕೆ ಯಾಕೆ ಮಾರ್ಕ್ಸ್ ಕಳೀಬೇಕು ಮೇಡಂ?” ಎಂದರು. ನಿಂತ ನಿಲುವಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಇದೇ ಪ್ರಶ್ನೆ ನಿಮ್ಮಲ್ಲಿ ಇನ್ನೂ ಕೆಲವರಿಗೆ ಇರಬಹುದು.

ಆ ಸಂದೇಶ ಹಳೆಯದು. 2003ರ ಸೆಪ್ಟೆಂಬರ್‌ನಲ್ಲೇ ಇಂಗ್ಲಿಷಿನಲ್ಲಿ ಇಮೇಲ್‌ಗಳಲ್ಲಿ ಸುತ್ತಾಡಿತ್ತು. ಕೇಂಬ್ರಿಜ್ ಅಂಥ ಸಂಶೋಧನೆ ಮಾಡಿರಲಿಲ್ಲ. ಅದೇ ಊರಿನ ಭಾಷಾ ಸಂಶೋಧಕ ಮ್ಯಾಟ್ ಡೇವಿಸ್ ಅದರ ಮೂಲ ಹುಡುಕಲು ಹೊರಟಾಗ, ಕೊನೆಗೆ ಸಿಕ್ಕಿದ್ದು ಗ್ರಹಾಂ ರಾಲಿನ್‌ಸನ್ 1976ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಬರೆದ ಪಿಎಚ್‌.ಡಿ. ಪ್ರಬಂಧ.

ಆದರೆ ಸಂದೇಶವನ್ನು ಪೂರಾ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಓದುವಾಗ ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗುವುದಿಲ್ಲ. ಹಾರಿ ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡಿನದು. ಅಷ್ಟರಲ್ಲೇ ಮೆದುಳು ಹಲವು ಅಕ್ಷರಗಳನ್ನು ಒಟ್ಟಿಗೆ ಹಿಡಿಯುತ್ತದೆ. ಯಾವ ಅಕ್ಷರ ಎಂಬುದು ಗಟ್ಟಿಯಾಗಿ ಸಿಗುತ್ತದೆ, ಎಷ್ಟನೆಯದು ಎಂಬುದು ತುಸು ಸಡಿಲವಾಗಿ. ತ, ಗ, ರ, ತಿ ಕಂಡಾಗ, ಒಳಗೆ ಮೊದಲೇ ಕೂತಿರುವ ‘ತರಗತಿ’ ಎದ್ದು ಬರುತ್ತದೆ. ಹಿಂದುಮುಂದಿನ ಮಾತೂ ನೆರವಿಗೆ ಬರುತ್ತದೆ. ಒಳಗೆ ಕೂತಿರದ ಪದ ಎಲ್ಲಿಂದ ಎದ್ದು ಬರಬೇಕು? ಪರಿಚಯವಿಲ್ಲದ ಹಳಗನ್ನಡ ಪದವೊಂದನ್ನು ಹೀಗೆ ಕಲಕಿ ಕೊಟ್ಟರೆ ನಾನೂ ತಡವರಿಸುತ್ತೇನೆ. ಎರಡನೇ ತರಗತಿಯ ಮಗುವಿಗೆ ಅರ್ಧ ಪಠ್ಯಪುಸ್ತಕವೇ ಹಳಗನ್ನಡವಿದ್ದಂತೆ.

ಓದಬಲ್ಲವರಿಗೂ ಇದು ಪುಕ್ಕಟೆಯಲ್ಲ. 2006ರಲ್ಲಿ ಓದಿನ ಸಂಶೋಧಕ ಕೀತ್ ರೇನರ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗೆ ಕಲಕಿದ ಇಂಗ್ಲಿಷ್ ವಾಕ್ಯ ಓದಲು ಕೊಟ್ಟರು. ನಡುವಿನ ಅಕ್ಷರಗಳು ಅದಲುಬದಲಾದಾಗ ವೇಗ ಶೇ. 11ರಷ್ಟು ಇಳಿಯಿತು, ಪದದ ಕೊನೆ ಕೆಟ್ಟಾಗ ಶೇ. 26, ಆರಂಭ ಕೆಟ್ಟಾಗ ಶೇ. 36.

ಎಲ್ಲ ಭಾಷೆಯೂ ಇಷ್ಟು ಉದಾರಿಯಲ್ಲ. ಹೀಬ್ರೂ ಭಾಷೆಯಲ್ಲಿ ಮೂಲ ವ್ಯಂಜನಗಳ ಕ್ರಮ ತಪ್ಪಿದರೆ ಬೇರೆಯೇ ಪದವಾಗಿಬಿಡಬಹುದು. ಅಲ್ಲಿ ಈ ಪ್ರಯೋಗ ಮಾಡಿದಾಗ ಓದು ಮುಗ್ಗರಿಸಿತು. ನಮ್ಮ ಕನ್ನಡವನ್ನೇ ನೋಡಿ. ‘ಪುಸ್ತಕ’ದಲ್ಲಿ ನಡುವೆ ಇರುವುದು ಒಂದೇ ಅಕ್ಷರ, ಕಲಕುವುದು ಏನನ್ನು? ಒಂದು ಒತ್ತು ಬಿದ್ದರೆ ‘ಕತೆ’ ‘ಕತ್ತೆ’ಯಾಗುತ್ತದೆ. (ಕತ್ತೆ ಹೇಳುವ ಅಜ್ಜಿಯರು ನಮ್ಮ ಉತ್ತರಪತ್ರಿಕೆಗಳಲ್ಲಿ ವರ್ಷಕ್ಕೊಬ್ಬರಾದರೂ ಸಿಗುತ್ತಾರೆ.)

ಇನ್ನು ಅಂಕದ ವಿಷಯ. ವಿಜ್ಞಾನ, ಸಮಾಜದ ಉತ್ತರಗಳಲ್ಲಿ ಅರ್ಥ ಸರಿಯಿದ್ದರೆ ಕಾಗುಣಿತಕ್ಕಾಗಿ ಅಂಕ ಕಳೆಯಬಾರದೆಂದು ಶಿಕ್ಷಕರಿಗೆ ತಿಳಿಸಿದ್ದೇನೆ. ಆ ಹುಡುಗನ ಅರ್ಧ ಅಂಕವೂ ವಾಪಸ್ ಬಂದಿದೆ. ಕೆಂಪು ಸುತ್ತು ಮಾತ್ರ ಇರುತ್ತದೆ. ಭಾಷಾ ಪತ್ರಿಕೆಯಲ್ಲಿ ಅಂಕವೂ ಹೋಗುತ್ತದೆ.

ಮನೆಯಲ್ಲಿ ತಪ್ಪಾದ ಪದವನ್ನು ಐವತ್ತು ಸಲ ಬರೆಸಬೇಡಿ. ಹತ್ತನೆಯ ಸಲಕ್ಕೆ ಕೈ ಮಾತ್ರ ಬರೆಯುತ್ತಿರುತ್ತದೆ. ಪದವನ್ನು ಬಿಡಿಸಿ ಗಟ್ಟಿಯಾಗಿ ಹೇಳಿಸಿ, ನೋಡದೆ ಬರೆಯಲು ಹೇಳಿ, ಮೂರು ಸಲ ಸಾಕು. ಜೊತೆಯ ಮಕ್ಕಳು ಈ ಹಂತ ದಾಟಿ ಹೋದ ಮೇಲೂ ನಿಮ್ಮ ಮಗು ಅಕ್ಷರಗಳನ್ನು ಹಿಂದುಮುಂದಾಗಿಯೇ ಬರೆಯುತ್ತಿದ್ದರೆ ಬೈಯದೆ ತರಗತಿ ಶಿಕ್ಷಕರಿಗೆ ತಿಳಿಸಿ. ಅದನ್ನು ದಡ್ಡತನ, ಸೋಮಾರಿತನ ಎಂದುಕೊಂಡು ವರ್ಷಗಳನ್ನು ಕಳೆದ ಮನೆಗಳನ್ನು ನಾನು ಕಂಡಿದ್ದೇನೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ನೋಟ್‌ಬುಕ್ ನೋಡಿದಾಗ ‘ತಗರತಿ’ಯನ್ನು ನಾನೂ ಮೊದಲು ‘ತರಗತಿ’ ಎಂದೇ ಓದಿಬಿಟ್ಟಿದ್ದೆ. ಕೆಂಪು ಸುತ್ತು ಇಲ್ಲದಿದ್ದರೆ ತಪ್ಪು ಕಾಣುತ್ತಲೇ ಇರಲಿಲ್ಲ. ತಾವೇ ಬರೆದದ್ದರಲ್ಲಿ ಮಕ್ಕಳಿಗೆ ತಪ್ಪು ಸಿಗದಿರುವುದೂ ಹೀಗೆಯೇ. ಆದ್ದರಿಂದ ಉತ್ತರ ಬರೆದಾದ ಮೇಲೆ ಕೊನೆಯ ಪದದಿಂದ ಹಿಂದಕ್ಕೆ ಒಂದೊಂದೇ ಪದ ಓದುವುದನ್ನು ಈ ತಿಂಗಳಿಂದ ಕಲಿಸುತ್ತಿದ್ದೇವೆ. ಹಾಗೆ ಓದಿದರೆ ಅರ್ಥ ಮುಂದೆ ಎಳೆದುಕೊಂಡು ಹೋಗುವುದಿಲ್ಲ. ಈ ಪತ್ರದ ಕರಡನ್ನು ಏಳನೇ ತರಗತಿಯ ಮಕ್ಕಳು ಹಾಗೆಯೇ ಹಿಂದಿನಿಂದ ಓದಿ ಎರಡು ತಪ್ಪು ಹಿಡಿದುಕೊಟ್ಟರು.

ಇಂತಿ,
ಮುಖ್ಯ ಶಿಕ್ಷಕಿ