ಕೆಟ್ಟದ್ದು ಎಲ್ಲಿ ಕೂತಿರುತ್ತದೆ?

ಕೊಪ್ಪಳ

ಅವ್ವಾ,

ದೇವರನ್ನು ನಂಬದವರಿಗೆ ಪಾಪ ಅನ್ನುವುದೇ ಇಲ್ಲವಾದರೆ ಅವರು ಕೆಟ್ಟದ್ದನ್ನು ಯಾವ ಅಳತೆಯಿಂದ ಅಳೆಯುತ್ತಾರೆ ಅಂತ ಕೇಳಿದ್ದೀ. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮಾತನ್ನೇ ನೋಡು. ಹಾಲು ಕೆಟ್ಟಿತು, ಮೋಟಾರು ಕೆಟ್ಟಿತು, ಹುಡುಗ ಕೆಟ್ಟ: ಮೂರಕ್ಕೂ ಒಂದೇ ಕ್ರಿಯಾಪದ. ಇರಬೇಕಾದ ಹದ ತಪ್ಪಿದರೆ ಕೆಟ್ಟಿತು. ಕೆಡುಕಿಗೆ ಸ್ವಂತ ಇರವಿಲ್ಲ, ಅದು ಒಳಿತಿನ ಕೊರತೆ ಎಂದ ಕ್ರೈಸ್ತ ಚಿಂತಕ ಸಂತ ಅಗಸ್ಟೀನನ ಮಾತೂ ಹೆಚ್ಚುಕಡಿಮೆ ಇದೇ. 'ಪಾಪ' ಇನ್ನೂ ವಿಚಿತ್ರದ್ದು. ಮಾಡಿದವನ ತಲೆಗೂ ಪಾಪ, ಅನುಭವಿಸಿದವಳನ್ನು ಕಂಡರೂ 'ಅಯ್ಯೋ ಪಾಪ'. 'ಅಪರಾಧ' ಕೋರ್ಟಿನ ಪದ. ವಾದಕ್ಕೆ ಕೂತವರು ಇವುಗಳಲ್ಲಿ ಒಬ್ಬೊಬ್ಬರು ಒಂದೊಂದನ್ನು ಹಿಡಿದುಕೊಂಡು, ಎಲ್ಲರೂ ಒಂದೇ ವಿಷಯ ಮಾತಾಡುತ್ತಿದ್ದೇವೆ ಅಂದುಕೊಂಡಿರುತ್ತಾರೆ.

ಒಂದು ಸಾವನ್ನು ಕಣ್ಣ ಮುಂದೆ ಇಟ್ಟುಕೋ. ಗಂಗಾವತಿ ಕಡೆ ಭತ್ತದ ಕಟಾವು. ರಸ್ತೆಯ ಅರ್ಧಕ್ಕೆ ಹರವಿ ಒಣಗಿಸಿದ ಭತ್ತವನ್ನು ಸಂಜೆ ರಾಶಿ ಮಾಡಿ ತಾಡಪಾಲು ಮುಚ್ಚಿದ್ದಾರೆ. ಕಾಯಲು ಬಂದವನು ರಾಶಿಯ ಮಗ್ಗುಲಿಗೇ ಮಲಗಿದ್ದಾನೆ. ಕತ್ತಲಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಬಂತು, ಟ್ರ್ಯಾಲಿಯ ಗಾಲಿ ಅವನ ಮೇಲೆ ಹೋಯಿತು. ಡ್ರೈವರ್ ಮಾಡಿದ್ದು ಕೆಟ್ಟದ್ದೇ?

ಬೌದ್ಧರಲ್ಲಿ ಥೇರವಾದ ಅನ್ನುವ ಹಳೆಯ ಪಂಥದ ವ್ಯಾಖ್ಯಾನ ಪ್ರಾಣಹತ್ಯೆಗೆ ಐದು ಅಂಗ ಕೇಳುತ್ತದೆ. ಜೀವಿ ಇರಬೇಕು, ಅದು ಜೀವಿಯೆಂದು ತಿಳಿದಿರಬೇಕು, ಕೊಲ್ಲುವ ಮನಸ್ಸಿರಬೇಕು, ಅದಕ್ಕೆ ಪ್ರಯತ್ನ ನಡೆದಿರಬೇಕು, ಆ ಪ್ರಯತ್ನದಿಂದಲೇ ಜೀವ ಹೋಗಿರಬೇಕು. ಇಲ್ಲಿ ಎರಡನೆಯದೇ ಇಲ್ಲ. ಹಾಗಾಗಿ ಇದು ಆ ಹೆಸರಿನ ಪಾಪವಲ್ಲ. ಜೈನರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅವರ ತತ್ತ್ವಾರ್ಥಸೂತ್ರ ಎಂಬ ಗ್ರಂಥದ ಪ್ರಕಾರ ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣ ಬೇರ್ಪಡಿಸುವುದೇ ಹಿಂಸೆ. ಡ್ರೈವರ್ ಇಳಿದು ಹಿಂದೆ ನೋಡಿದನೇ ಎಂಬುದರ ಮೇಲೆ ಎಲ್ಲ ನಿಂತಿದೆ. ಎಚ್ಚರದಿಂದ ನಡೆದವನ ಕಾಲಡಿ ಜೀವ ಹೋದರೂ ಕರ್ಮದ ಬಂಧವಿಲ್ಲ. ಎಚ್ಚರಗೆಟ್ಟು ನಡೆದವನಿಗೆ ಯಾರೂ ಸಾಯದಿದ್ದರೂ ಹಿಂಸೆ ತಪ್ಪಿದ್ದಲ್ಲ. ಈ ಎರಡನೇ ಅರ್ಧ ಕೇಳಿದರೆ ನಮ್ಮೂರಿನ ಅರ್ಧ ಡ್ರೈವರುಗಳು ದಿನಾ ಹಿಂಸಕರೇ.

ಕುರಾನಿನ ದಾರಿ ಮತ್ತೊಂದು. 4ನೇ ಅಧ್ಯಾಯದ 92ನೇ ವಾಕ್ಯ ತಿಳಿಯದೆ ಆದ ಕೊಲೆಯನ್ನು ಬೇಕೆಂದೇ ಮಾಡಿದ ಕೊಲೆಯಿಂದ ಬೇರೆ ಮಾಡುತ್ತದೆ. ಆದರೂ ಬರಿಗೈಯಲ್ಲಿ ಕಳಿಸುವುದಿಲ್ಲ: ಒಬ್ಬ ಗುಲಾಮನ ಬಿಡುಗಡೆ, ಸತ್ತವನ ಮನೆಯವರಿಗೆ ಪರಿಹಾರ. ಮನೆಯವರು ಬೇಡವೆಂದರೆ ಪರಿಹಾರ ಬಿಟ್ಟಂತೆ. ಬಿಡುಗಡೆ ಮಾಡಲು ಆಗದವನಿಗೆ ಬಿಡದೆ ಎರಡು ತಿಂಗಳ ಉಪವಾಸ. ಮನಸ್ಸಿನಲ್ಲಿ ಕೇಡಿಲ್ಲದಿದ್ದರೂ ಸಾಲ ಉಳಿಯುತ್ತದೆ ಅನ್ನುವ ಈ ಮಾತು ನನಗೆ ಬಹಳ ಮಾನವೀಯವಾಗಿ ಕಾಣುತ್ತದೆ.

ಇನ್ನು ಪೊಲೀಸ್ ಠಾಣೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ ಸೆಕ್ಷನ್ 106ರಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ 5 ವರ್ಷದವರೆಗೆ ಶಿಕ್ಷೆ. ಹಳೆಯ ದಂಡಸಂಹಿತೆಯ (ಐಪಿಸಿ) 304ಎ ಅಡಿ 2 ವರ್ಷವಿತ್ತು. ಕೊಲೆಯ ಸೆಕ್ಷನ್ ಬೇರೆ, 101. ಗಮನಿಸಿದೆಯಾ? 101ರ ಹೊಸಿಲು ಬೌದ್ಧರ ಐದು ಅಂಗಗಳ ಹತ್ತಿರ, 106ರದು ಜೈನರ ಪ್ರಮಾದದ ಹತ್ತಿರ. ವ್ಯತ್ಯಾಸ ಬೇರೆ ಕಡೆ ಇದೆ. ಜೈನರಿಗೆ ಕೇಡು ತಟ್ಟುವುದು ಮಾಡಿದವನ ಆತ್ಮಕ್ಕೆ, ಕಾನೂನಿಗೆ ಸತ್ತವನ ಹೆಣವೇ ಸಾಕ್ಷಿ. ಯಾರೂ ಸಾಯದಿದ್ದರೆ 106 ಬಾಯಿ ಬಿಡುವುದಿಲ್ಲ.

ಮತಾತೀತರೂ ಒಂದೇ ಬಾಯಿಯವರಲ್ಲ. ಜರ್ಮನ್ ತತ್ತ್ವಜ್ಞಾನಿ ಕ್ಯಾಂಟ್ ಡ್ರೈವರನ ಸಂಕಲ್ಪ ನೋಡುತ್ತಾನೆ. ಇಂಗ್ಲಿಷ್ ಚಿಂತಕ ಬೆಂಥಮ್ ಆಗುವ ನೋವಿನ ಲೆಕ್ಕ ಹಾಕುತ್ತಾನೆ, ಹಾಗಾಗಿ ಅವನ ಬೆರಳು ಡ್ರೈವರನನ್ನು ದಾಟಿ, ಊರಿಗೊಂದು ಕಣ ಮಾಡಿಕೊಡದೆ ಟಾರು ರಸ್ತೆಯನ್ನೇ ಕಣವಾಗಲು ಬಿಟ್ಟವರ ಕಡೆ ಹೋಗುತ್ತದೆ. ಊರಿನವರು 'ಹಣೆಬರಹ' ಅಂದು ಎದ್ದುಹೋಗುತ್ತಾರಲ್ಲ, ಅದು ಯಾವ ಧರ್ಮದ ಉತ್ತರವೂ ಅಲ್ಲ. ಪ್ರಶ್ನೆ ತಪ್ಪಿಸಿಕೊಳ್ಳುವ ದಾರಿ, ಅಷ್ಟೇ.

ಇಲ್ಲಿಯವರೆಗೆ ಎಲ್ಲರೂ ಅದು ಕೇಡೆಂದು ಒಪ್ಪಿ, ಯಾರ ಲೆಕ್ಕಕ್ಕೆ ಅಂತಷ್ಟೇ ಜಗ್ಗಾಡಿದರು. ಒಂದೇ ಕೆಲಸ ಒಬ್ಬರಿಗೆ ಹರಕೆ, ಇನ್ನೊಬ್ಬರಿಗೆ ಪಾತಕ ಆದಾಗ ಗಂಟು ಬಿಗಿಯಾಗುತ್ತದೆ. ನಮ್ಮ ಕಡೆ ಅದರ ಹೆಸರು ಮುತ್ತು ಕಟ್ಟುವುದು, ಅಂದರೆ ಹುಡುಗಿಯನ್ನು ದೇವದಾಸಿಯಾಗಿ ದೇವಿಗೆ ಒಪ್ಪಿಸುವುದು.

ಹುಡುಗಿಯ ತಲೆಯಲ್ಲಿ ಜಟೆ ಕಾಣಿಸಿಕೊಂಡರೆ ದೇವಿ ಕರೆದಳು ಅಂತ ಲೆಕ್ಕ. ಬಾಚದ ಕೂದಲಿಗೆ ಎಣ್ಣೆ, ಬೆವರು, ಧೂಳು ಸೇರಿ ಎಳೆಗಳು ಹೆಣೆದುಕೊಳ್ಳುತ್ತವೆ; ಮೇಲೆ ಭಂಡಾರ, ಅಂದರೆ ಅರಿಶಿನದ ಪುಡಿ, ಹಚ್ಚುತ್ತಾ ಹೋದಷ್ಟೂ ಗಟ್ಟಿಯಾಗುತ್ತದೆ. ಒಳಗೆ ನೀರು ಆರುವುದಿಲ್ಲ, ವಾಸನೆ, ಹೇನು. ಆ ಹಂತದಲ್ಲಿ ಬಾಚಣಿಗೆ ಹಿಡಿಯುವುದಿಲ್ಲ, ಬುಡಕ್ಕೇ ಕತ್ತರಿ ಹಾಕಬೇಕು. ಆದರೆ ಕತ್ತರಿಸಿದರೆ ಮನೆಗೆ ಕೇಡು ಅನ್ನುವ ಹೆದರಿಕೆ. ಇದು ಅರ್ಥವಾಗದೆ ಆ ತಾಯಿಯ ಜೊತೆ ಮಾತಾಡಲು ಹೋಗಬೇಡ: ಅವಳ ಮಟ್ಟಿಗೆ ಕೇಡು ಇರುವುದು ಕಟ್ಟುವುದರಲ್ಲಲ್ಲ, ಕಟ್ಟದೇ ಇರುವುದರಲ್ಲಿ. ಮುತ್ತು ಕಟ್ಟಿಸಿಕೊಂಡವರು ಬಹುಪಾಲು ದಲಿತ ಮನೆಗಳ ಹೆಣ್ಣುಮಕ್ಕಳೇ ಏಕೆ, ಊರ ಗೌಡರ ಮನೆಯಲ್ಲಿ ಜಟೆ ಯಾಕೆ ಕರೆಯಾಗುವುದಿಲ್ಲ ಅನ್ನುವ ಪ್ರಶ್ನೆಯನ್ನು ದೇವಿಗೆ ಕೇಳುವಂತಿಲ್ಲ, ಊರಿಗೇ ಕೇಳಬೇಕು.

1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ನಂಬಿಕೆ ಸರಿಯೇ ತಪ್ಪೇ ಎಂಬ ವಾದಕ್ಕೆ ಇಳಿಯಲಿಲ್ಲ. ಹೆಣ್ಣು ಒಪ್ಪಿರಲಿ ಬಿಡಲಿ, ಸಮರ್ಪಣೆ ಕಾನೂನುಬಾಹಿರ ಅಂದಿತು. ಸಮರ್ಪಿತಳ ಮದುವೆ ಸಿಂಧು ಅಂದಿತು. ಕಟ್ಟಿಸಿದವರಿಗೆ 3 ವರ್ಷದವರೆಗೆ, ತಂದೆತಾಯಿಯೋ ನೆಂಟರೋ ಆದರೆ 2ರಿಂದ 5 ವರ್ಷ ಸಜೆ ಇಟ್ಟಿತು. ಎಡವಿದ್ದೂ ಇಲ್ಲೇ. ಮುತ್ತು ಅನ್ನುವ ಕೆಂಪು ಬಿಳಿ ಮಣಿಯ ಸರ ರಾತ್ರಿ ಮನೆಯೊಳಗೇ ಕೊರಳಿಗೆ ಬಿದ್ದರೆ ಸಾಕ್ಷಿ ಹೇಳಬೇಕಾದವರೇ ಆರೋಪಿಗಳು. ಯಾವ ಹುಡುಗಿ ತನ್ನ ಅವ್ವನನ್ನು ಜೈಲಿಗೆ ಕಳಿಸಲು ಬಾಯಿ ತೆರೆಯುತ್ತಾಳೆ?

ಸರ್ಕಾರವೇ 'ದುಷ್ಟ' ಎಂಬ ಪದ ಬಳಸಿದ್ದನ್ನೂ ಹೇಳಿಬಿಡುತ್ತೇನೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ 2017ರ ಕಾಯಿದೆ 2020ರಲ್ಲಿ ಜಾರಿಗೆ ಬಂತು. ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕಿಸುವುದು ಅಲ್ಲಿ ದುಷ್ಟ. ಗುಡಿ, ದರ್ಗಾದ ಪ್ರಾರ್ಥನೆ, ಹರಿಕಥೆ, ಪ್ರದಕ್ಷಿಣೆ ಅಲ್ಲ. ಹಾವಿನ ಮಂತ್ರ ದುಷ್ಟವಾದದ್ದು ಅದು ಸುಳ್ಳೆಂಬ ಕಾರಣಕ್ಕಲ್ಲ, ಮದ್ದಿಗೆ ಹೋಗುವ ಹೊತ್ತು ತಿಂದಿತೆಂಬ ಕಾರಣಕ್ಕೆ. ಜ್ಯೋತಿಷ್ಯ, ವಾಸ್ತುವಿನ ಸಲಹೆಯನ್ನೂ ಹೊರಗಿಟ್ಟಿದ್ದಾರೆ. ಅದು ಮತಾತೀತ ತರ್ಕಕ್ಕಿಂತ ಓಟಿನ ಲೆಕ್ಕ ಅಂತ ನನ್ನ ಗುಮಾನಿ.

ಅಶೋಕನ ಒಂದು ಸ್ತಂಭಶಾಸನವನ್ನು ಓದಿಕೋ. ಮೂರನೆಯದು, ನಮ್ಮ ಕಡೆಯದಲ್ಲ, ಉತ್ತರದ್ದು. ಕ್ರೌರ್ಯ, ನಿಷ್ಠುರತೆ, ಸಿಟ್ಟು, ಗರ್ವ, ಅಸೂಯೆಗಳಿಂದ ಕೇಡು ಹುಟ್ಟುತ್ತದೆ ಅನ್ನುವ ಮೊದಲು ಅವನು ಹೇಳುವುದು: ಮನುಷ್ಯ ತಾನು ಮಾಡಿದ ಒಳ್ಳೆಯದನ್ನಷ್ಟೇ ನೋಡಿಕೊಳ್ಳುತ್ತಾನೆ, ಕೆಟ್ಟದ್ದನ್ನು ನೋಡಿಕೊಳ್ಳುವುದು ಕಷ್ಟ. ಕಳಿಂಗದ ಯುದ್ಧದಲ್ಲಿ ಒಂದು ಲಕ್ಷ ಜನರನ್ನು ಕೊಂದರು, ಒಂದೂವರೆ ಲಕ್ಷ ಜನರನ್ನು ಹೊತ್ತೊಯ್ದರು ಅಂತ ಕಲ್ಲಿನ ಮೇಲೆ ಕೆತ್ತಿಸಿದವನ ಮಾತು ಇದು. ಕಳಿಂಗದ ಆ ಶಾಸನ ಬೇಕಾದರೆ ಬಳ್ಳಾರಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ನಮ್ಮ ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನ ಬಂಡೆಗಳಲ್ಲಿ ಇರುವುದು ಅವನ ಕಿರು ಶಾಸನ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಪ್ರಯತ್ನಪಟ್ಟರೆ ಸ್ವರ್ಗ ಸಿಗುತ್ತದೆ ಅನ್ನುವಂಥದ್ದು. ರಜೆಗೆ ಬಂದಾಗ ಪಾಲ್ಕಿಗುಂಡು ಹತ್ತೋಣ. ಬಿಸಿಲೇರುವ ಮೊದಲೇ ಹೊರಡಬೇಕು, ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬಾ.

ಇಂತಿ ನಿನ್ನ,
ಅಪ್ಪ